ಹಾಲಿನ ಹೂಜಿ ಒಡೆದ ಮೇಲೆ ಶುರುವಾಗುವ ಹಾಡು

ಕತ್ತಲು ತುಂಬಿದ ಒಂದು ಕೋಣೆ, ತೆರೆದ ಕಿಟಕಿಯಿಂದ ತೊಟ್ಟಿಕ್ಕುವ ನೀರು. ಮೂವರು ಗಂಡಸರು ಕೋಣೆಯ ಈ ಬದಿಯಿಂದ ಆ ಬದಿಗೆ ಓಡುತ್ತಾರೆ. ನಾಲ್ಕನೆಯವನು ಕುರ್ಚಿ ಬಿಟ್ಟು ಕದಲುವುದಿಲ್ಲ. ಕಿಟಕಿಯಂಚಿನಲ್ಲಿದ್ದ ಹಾಲಿನ ಹೂಜಿ ಕೆಳಗೆ ಬಿದ್ದು ಚೂರಾಗುತ್ತದೆ, ಆಮೇಲೆ ಮ್ಯಾಂಡೋಲಿನ್ ಮೊದಲಾಗುತ್ತದೆ. ಅಮೆರಿಕದ ರಾಕ್ ಸಂಗೀತ ತಂಡ ಆರ್.ಇ.ಎಂ.ನ 'ಲೂಸಿಂಗ್ ಮೈ ರಿಲಿಜನ್' ಹಾಡಿನ ವಿಡಿಯೋ ಹೀಗೆ ತೆರೆದುಕೊಳ್ಳುತ್ತದೆ. ನಮಸ್ಕಾರ, ಈ ವಾರದ ವ್ಲಾಗ್ ಪೂರ್ತಿ ಈ ಒಂದು ಹಾಡಿಗೆ ಮೀಸಲು.

ನಿಮಗೆ ಕಾಣುತ್ತಿರುವುದು ನನ್ನ ಓದುವ ಮೇಜು. ಅದರ ಮೇಲಿರುವುದು ಆರು ವಾರಗಳ ಹಿಂದೆ ಕೊಂಡು ತಂದ ಮ್ಯಾಂಡೋಲಿನ್. ಎಂಟು ತಂತಿಗಳು, ಎರಡೆರಡರಂತೆ ನಾಲ್ಕು ಜೋಡಿ, ಶ್ರುತಿ ಪಿಟೀಲಿನದೇ. ಮ್ಯಾಂಡೋಲಿನ್ ಎಂದ ಕೂಡಲೇ ನಮಗೆ ನೆನಪಾಗುವುದು ಯು. ಶ್ರೀನಿವಾಸ್. ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೋಲಿನ್ ಅನ್ನು. ಆದ್ದರಿಂದಲೇ ಅವರ ಕೈಯಲ್ಲಿ ಸ್ವರ ಉಳಿಯುತ್ತಿತ್ತು, ಗಮಕವಾಗಿ ಬಾಗುತ್ತಿತ್ತು. ಈ ಮರದ ವಾದ್ಯದ ಗುಣವೇ ಬೇರೆ. ಮೀಟಿದ ಸ್ವರ ಕ್ಷಣದಲ್ಲಿ ಆರಿಹೋಗುವುದರಿಂದ ಕೈ ಬಿಡುವಿಲ್ಲದೆ ಮೀಟುತ್ತಲೇ ಇರಬೇಕು. ಈ ಹಾಡಿನ ತುಂಬ ಇರುವ ತಳಮಳ ಮೊದಲು ಹುಟ್ಟಿರುವುದು ವಾದ್ಯದ ಈ ಸ್ವಭಾವದಲ್ಲಿ ಎಂದು, ಬೆರಳು ನೋಯಿಸಿಕೊಂಡ ಮೇಲೆ, ನನಗೆ ಖಚಿತವಾಗಿದೆ.

ತಂಡ ಹುಟ್ಟಿದ್ದು 1980ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದ ಆಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಹಾಡುವವರು ಮೈಕೆಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರಿ. ಕಾಲೇಜು ರೇಡಿಯೋಗಳ ಮೂಲಕ ಬೆಳೆದು, ಮುಖ್ಯವಾಹಿನಿಯ ರಾಕ್‌ಗಿಂತ ಬೇರೆ ದಾರಿ ಹಿಡಿದ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಬಳಕೆಗೆ ಬರುವ ದಿನಗಳಲ್ಲಿ ಅದರ ಮುಂಚೂಣಿಯಲ್ಲಿದ್ದವರು ಇವರು. ಗಿಟಾರ್ ನುಡಿಸಿ ನುಡಿಸಿ ಬೇಸರವಾಗಿದ್ದ ಬಕ್ ಒಂದು ಮ್ಯಾಂಡೋಲಿನ್ ಕೊಂಡು, ಟಿವಿ ನೋಡುತ್ತ ಕುಳಿತು ಅದನ್ನು ಕಲಿಯುತ್ತಿದ್ದರು, ನುಡಿಸಿದ್ದನ್ನು ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಮರುದಿನ ಟೇಪು ಹಾಕಿದಾಗ, ಕಲಿಕೆಯ ತಡವರಿಕೆಗಳ ನಡುವೆ ಈ ಹಾಡಿನ ಎಳೆ ಇತ್ತು. ಅದು ಮುಗಿದ ಮೇಲೆ ಮತ್ತೆ ಅದೇ ತಡವರಿಕೆ.

1991ರಲ್ಲಿ 'ಔಟ್ ಆಫ್ ಟೈಮ್' ಆಲ್ಬಮ್ಮಿನ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಹೊರಬರುವ ಹಾಡು, ಆಗಿ ಇದನ್ನೇ ಹೊರತರಬೇಕೆಂದು ತಂಡ ಹೇಳಿದಾಗ ಧ್ವನಿಮುದ್ರಣ ಸಂಸ್ಥೆಯಾದ ವಾರ್ನರ್ ಬ್ರದರ್ಸ್ ಹಿಂದೇಟು ಹಾಕಿತು. ಅದು ಸಹಜವೂ ಹೌದು, ಏಕೆಂದರೆ ಎಲ್ಲರೂ ಕೂಡಿ ದನಿಗೂಡಿಸುವಂಥ ಪಲ್ಲವಿ ಇದಕ್ಕಿಲ್ಲ, ಮುಂದಾಳು ವಾದ್ಯ ಗಿಟಾರೂ ಅಲ್ಲ. ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 4ನೆಯ ಸ್ಥಾನಕ್ಕೇರಿತು; ಆ ಪಟ್ಟಿಯಲ್ಲಿ ಈ ತಂಡ ಮುಟ್ಟಿದ ಅತಿ ಎತ್ತರದ ಸ್ಥಾನ ಅದೇ.

ಹೆಸರಿನ ಬಗ್ಗೆ ಎರಡು ಮಾತು ಹೇಳಲೇಬೇಕು. 'ಲೂಸಿಂಗ್ ಮೈ ರಿಲಿಜನ್' ಎಂಬುದು ಅಮೆರಿಕದ ದಕ್ಷಿಣ ಸೀಮೆಯ ಆಡುಮಾತು. ಸಹನೆಯ ಕಟ್ಟೆ ಒಡೆಯಿತು ಎಂದು ನಾವು ಹೇಳುವ ಕಡೆ ಅವರು ಹೀಗೆನ್ನುತ್ತಾರೆ. ದೇವರ ಮೇಲಿನ ನಂಬಿಕೆಗೂ ಅದಕ್ಕೂ ಸಂಬಂಧವಿಲ್ಲ. ಹಾಡಿನ ವಸ್ತು ಒಮ್ಮುಖ ಪ್ರೀತಿ. ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆನೇನೋ ಎಂದು ಅಳುಕುತ್ತ, ಮರುಕ್ಷಣವೇ ಹೇಳಬೇಕಾದಷ್ಟು ಹೇಳಲಿಲ್ಲವೆಂದು ಕೊರಗುತ್ತ, ಎದುರಿನವರ ಒಂದೊಂದು ನಗೆಯಲ್ಲೂ ಅರ್ಥ ಹುಡುಕುವವನ ಪಾಡು ಅದು.

ವಿಡಿಯೋ ಮಾಡಿದವರು ಜಲಂಧರ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕಲೆ ಕಲಿತ ತರ್ಸೇಮ್ ಸಿಂಗ್. ಸ್ಟೈಪ್ ಅವರ ಮನಸ್ಸಿನಲ್ಲಿದ್ದುದು ಐರಿಷ್ ಗಾಯಕಿ ಸಿನೇಡ್ ಓ'ಕಾನರ್ ಅವರ ವಿಡಿಯೋದಂತೆ ಮುಖವೊಂದನ್ನೇ ಹತ್ತಿರದಿಂದ ತೋರಿಸುವ ಸರಳ ಚಿತ್ರ. ತರ್ಸೇಮ್ ಅವರಿಗೆ ಬೇಕಿದ್ದುದು ಭಾರತೀಯ ಸಿನಿಮಾದ ಒಂದು ಬಗೆಯ ಭಾವೋದ್ರೇಕ ಮತ್ತು ಕನಸಿನ ಲೋಕ. ಕೊನೆಗೆ ಎರಡೂ ಸೇರಿದವು. ತರ್ಸೇಮ್ ಆಡುಮಾತಿನೊಳಗೆ ಅಡಗಿದ್ದ 'ರಿಲಿಜನ್' ಎಂಬ ಪದವನ್ನು ಅದರ ಮೂಲ ಅರ್ಥದಲ್ಲೇ ಎತ್ತಿಕೊಂಡರು. ಬಾಣಗಳು ನಾಟಿದ ಸಂತ ಸೆಬಾಸ್ಟಿಯನ್ ಬಂದ. ಕ್ರಿಸ್ತನ ಗಾಯವನ್ನು ಮುಟ್ಟಿ ನೋಡದೆ ನಂಬದ ತೋಮನ ಪ್ರಸಂಗ ಬಂತು. ನಮ್ಮ ಮನೆಗಳ ಕ್ಯಾಲೆಂಡರ್ ಪಟಗಳನ್ನು ನೆನಪಿಸುವ ಹಿಂದೂ ದೇವತೆಗಳೂ ಬಂದರು. ಕೊಲಂಬಿಯಾದ ಲೇಖಕ ಮಾರ್ಕೆಸ್ ಬರೆದ ಕಥೆಯೊಂದರಿಂದ ರೆಕ್ಕೆಯ ಮುದುಕ ಇಳಿದು ಬಂದ. ಬೆಳಕು ಇಟಲಿಯ ವರ್ಣಚಿತ್ರಕಾರ ಕಾರವಾಜಿಯೋನದು: ಸುತ್ತ ಕಪ್ಪು, ಒಂದೇ ಮಗ್ಗುಲಿನಿಂದ ಹಾದು ಬಂದು ಮೈಮೇಲೆ ಬೀಳುವ ಬೆಳಕು. ಒಡೆಯುವ ಹೂಜಿಯ ದೃಶ್ಯ ಕೂಡ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ 'ದಿ ಸ್ಯಾಕ್ರಿಫೈಸ್' ಚಿತ್ರಕ್ಕೆ ಋಣಿ.

ನನ್ನ ಅನಿಸಿಕೆಯನ್ನು ಮುಚ್ಚಿಡುವುದಿಲ್ಲ. ರೆಕ್ಕೆ, ಬಾಣ, ಕಿರೀಟಗಳ ಈ ಸಾಲು ಕೆಲವೊಮ್ಮೆ ಹಾಡಿಗಿಂತ ಭಾರವಾಗುತ್ತದೆ. ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡುವುದು ಸ್ಟೈಪ್ ಒಬ್ಬರೇ ಕುಣಿಯುವ ತುಣುಕುಗಳನ್ನು. ಹಿಂದಿನ ವಿಡಿಯೋಗಳಲ್ಲಿ ತುಟಿಯಾಡಿಸಲು ಒಪ್ಪದಿದ್ದ ಅವರು ಇಲ್ಲಿ ಒಪ್ಪಿದ್ದಾರೆ. ತೋಳುಗಳು ಗಾಳಿಯಲ್ಲಿ ಅಡ್ಡಾದಿಡ್ಡಿ ಬೀಸುತ್ತವೆ, ಮೈ ಮುರಿದಂತೆ ಬಾಗುತ್ತದೆ, ಕಣ್ಣು ಕ್ಯಾಮೆರಾವನ್ನು ನೋಡಿ ಮರುಕ್ಷಣವೇ ತಪ್ಪಿಸಿಕೊಳ್ಳುತ್ತದೆ. ಯಾರೂ ನೋಡುತ್ತಿಲ್ಲವೆಂದು ಮನೆಯ ಕದ ಹಾಕಿಕೊಂಡು ಕುಣಿಯುವವರ ಕುಣಿತ ಹೀಗೇ ಇರುತ್ತದೆ. ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರದವನ ಮೈಯೇ ಮಾತಾಡುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ವಿಡಿಯೋ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ವರ್ಷದ ಎಂಟಿವಿ ಪ್ರಶಸ್ತಿಗಳಲ್ಲಿ ಇದಕ್ಕೆ ವರ್ಷದ ವಿಡಿಯೋ ಸೇರಿ ಆರು ಪ್ರಶಸ್ತಿ ಬಂದವು. ಮುಂದೆ ಎರಡು ಗ್ರ್ಯಾಮಿ ಕೂಡ. ತಂಡ 2011ರಲ್ಲಿ ವಿಸರ್ಜನೆಯಾಯಿತು. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ, 1997ರಲ್ಲೇ ತಂಡ ಬಿಟ್ಟಿದ್ದ ಬಿಲ್ ಬೆರಿಯವರೂ ಸೇರಿ ನಾಲ್ವರೂ ಮತ್ತೆ ಒಂದೇ ವೇದಿಕೆ ಹತ್ತಿದರು. ಅಂದು ಅವರು ನುಡಿಸಿದ್ದು ಈ ಹಾಡನ್ನೇ.

ಬಕ್ ಅವರಂತೆ ನಾನೂ ಅಭ್ಯಾಸವನ್ನೆಲ್ಲ ಫೋನಿನಲ್ಲಿ ಧ್ವನಿಮುದ್ರಿಸಿ ಇಡುತ್ತಿದ್ದೇನೆ. ಮೂರನೆಯ ಜೋಡಿಯಿಂದ ಎರಡನೆಯದಕ್ಕೆ ದಾಟುವಲ್ಲಿ ಕೈ ಇನ್ನೂ ತಡೆಯುತ್ತದೆ. ಈಗ ನೀವು ಕೇಳಲಿರುವುದು ನಿನ್ನೆ ರಾತ್ರಿ ಊಟವಾದ ಮೇಲೆ, ಇದೇ ಮೇಜಿನ ಮುಂದೆ ಕುಳಿತು ನುಡಿಸಿದ ಮೊದಲ ಸಾಲು.