ಶಾಪ ಆಮೇಲೆ, ಮೊದ್ಲು ಸಂಬಳದ ವಿಷಯ ಮಾತಾಡೋಣ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರು ಸ್ವಲ್ಪ ಮುಂದೆ ಬನ್ನಿ, ನಾನೇನು ಪ್ರಶ್ನೆ ಕೇಳಲ್ಲ. ನಂಗೆ ಕೊಟ್ಟಿರೋ ವಿಷಯ ದೇಶ ದೇಶ ಸುತ್ತಿದ ಫುಟ್ಬಾಲ್ ಕೋಚ್‌ಗಳು ಅಂತ, ಆದ್ರೆ ನಾನು ಮಾತಾಡೋದು ಒಬ್ಬನ ಬಗ್ಗೆನೇ, ಬೇಲಾ ಗುಟ್‌ಮನ್. ಏಕವಚನ ಬಂದ್ರೆ ತಪ್ಪು ತಿಳ್ಕೋಬೇಡಿ, ಪ್ರೀತಿ ಇರೋ ಆಟಗಾರರನ್ನ ನಾವು ಹಂಗೇ ತಾನೆ ಕರೆಯೋದು. ಈಗ ಒಳಗೆ ಬರ್ತಾ ಬಾಗಿಲಲ್ಲೇ ಒಬ್ಬ ಹುಡುಗ ಕೇಳ್ದ, "ಸಾರ್, ಆ ಪೋರ್ಚುಗಲ್‌ನ ಬೆನ್‌ಫಿಕಾ ಕ್ಲಬ್ಬಿಗೆ ನೂರು ವರ್ಷದ ಶಾಪ ಕೊಟ್ಟೋನಲ್ವಾ?" ಅಂತ. ಇದಕ್ಕೇ ನೋಡಿ ನಂಗೆ ಉರಿಯೋದು. ಹತ್ತಕ್ಕೂ ಹೆಚ್ಚು ದೇಶದಲ್ಲಿ ಕೋಚ್ ಆಗಿದ್ದ ಮನುಷ್ಯ, ಎರಡು ಸಲ ಯುರೋಪಿಯನ್ ಕಪ್, ಅಂದ್ರೆ ಈಗಿನ ಚಾಂಪಿಯನ್ಸ್ ಲೀಗ್, ಗೆದ್ದೋನು, ಕೊನೆಗೆ ಉಳಿದಿದ್ದು ಮಂತ್ರವಾದಿ ಅನ್ನೋ ಹೆಸರು. ಅದರ ಜೊತೆಗೆ ಇನ್ನೊಂದು, ದುಡ್ಡಿನಾಸೆಯವನು ಅಂತ.

ಸ್ವಾಮಿ, ಅವನು 1899ರಲ್ಲಿ ಬುಡಾಪೆಸ್ಟಲ್ಲಿ ಹುಟ್ಟಿದ ಯಹೂದಿ. ಅಪ್ಪ ಅಮ್ಮ ಡ್ಯಾನ್ಸ್ ಟೀಚರ್‌ಗಳು. ವಿಯೆನ್ನಾದ ಹಕೋವಾ ತಂಡಕ್ಕೆ ಆಡ್ದ, ನ್ಯೂಯಾರ್ಕಿಗೆ ಹೋಗಿ ದುಡ್ಡು ಮಾಡ್ದ, ಆ ದುಡ್ಡೆಲ್ಲ 1929ರಲ್ಲಿ ಷೇರು ಬಿದ್ದಾಗ ನೀರಲ್ಲಿ ಹೋಯ್ತು. ಆಮೇಲೆ ಯುದ್ಧ. ಒಂದು ಸಲೂನ್ ಮೇಲಿನ ಅಟ್ಟದಲ್ಲಿ ಬಚ್ಚಿಟ್ಟುಕೊಂಡಿದ್ದ, ಆಮೇಲೆ ಲೇಬರ್ ಕ್ಯಾಂಪ್, ಅಲ್ಲಿಂದ 1944ರಲ್ಲಿ ತಪ್ಪಿಸ್ಕೊಂಡ. ಜೊತೆಗೆ ತಪ್ಪಿಸ್ಕೊಂಡವನು ಎರ್ಬ್‌ಸ್ಟೈನ್, ಮುಂದೆ ಟೊರಿನೋ ಕೋಚ್ ಆಗಿ 1949ರ ಸುಪರ್ಗಾ ವಿಮಾನ ಅಪಘಾತದಲ್ಲಿ ತೀರಿಕೊಂಡ. ಗುಟ್‌ಮನ್‌ನ ಅಪ್ಪ, ಒಡಹುಟ್ಟಿದವಳು, ಇನ್ನೂ ಎಷ್ಟೋ ಬಂಧುಗಳು ನಾಜಿಗಳ ಕೈಯಲ್ಲಿ ಸತ್ರು. ಇಂಥವನು ಯುದ್ಧ ಮುಗಿದ ಮೇಲೆ ಬುಕಾರೆಸ್ಟಿಗೆ ಕೋಚ್ ಆಗಿ ಹೋದಾಗ, ಊಟಕ್ಕೇ ತತ್ವಾರ ಇದ್ದ ಕಾಲ, ನೋಟು ಬೇಡ ಸಂಬಳ ತರಕಾರಿಲಿ ಕೊಡಿ ಅಂದನಂತೆ. ಇವನು ದುಡ್ಡಿನಾಸೆಯವನಾ? ಊರೂ ಹೋಗಿ ದುಡ್ಡೂ ಹೋಗಿರೋನು ಕೈಗೆ ಸಿಗೋ ಕಾಗದ ಒಂದನ್ನೇ ನಂಬ್ತಾನೆ, ಆ ಕಾಗದದ ಹೆಸರು ಕಾಂಟ್ರಾಕ್ಟ್.

ಈಗ ನನ್ನ ಇಷ್ಟದ ಕಥೆ. ಇದನ್ನ ಹೇಳದೆ ನಾನು ಸ್ಟೇಜ್ ಇಳಿಯಲ್ಲ. ಹಂಗೇರಿಲಿ ಕಿಶ್‌ಪೆಸ್ಟ್ ಅಂತ ಕ್ಲಬ್ಬು, ಆಮೇಲೆ ಅದೇ ಹೋನ್‌ವೆಡ್ ಆಗಿದ್ದು. ಅಲ್ಲಿ ಪುಶ್ಕಾಶ್ ಇದ್ದ, ಮುಂದೆ ಜಗತ್ತಿಗೇ ಗೊತ್ತಾದ ಗೋಲ್ ಹೊಡೆಯೋ ಆಟಗಾರ, ಆಗಿನ್ನೂ ಚಿಕ್ಕ ವಯಸ್ಸು, ಆದ್ರೆ ಅಲ್ಲಿ ಅವನದೇ ರಾಜ್ಯ. ಗುಟ್‌ಮನ್‌ಗಿಂತ ಮುಂಚೆ ಕೋಚ್ ಯಾರು ಗೊತ್ತಾ, ಪುಶ್ಕಾಶ್‌ನ ಅಪ್ಪ! ಅಂದ್ರೆ ಅಪ್ಪ ಬಿಟ್ಟ ಕುರ್ಚಿ ಮೇಲೆ ಬಂದು ಕೂತಿದಾನೆ ಇವನು. ಒಂದು ದಿನ ಗ್ಯೋರ್ ತಂಡದ ಮೇಲೆ ಮ್ಯಾಚು. ಪಾತ್ಯಿ ಅಂತ ಡಿಫೆಂಡರ್ ಒಬ್ಬ, ಹೇಳಿದ್ದು ಕೇಳದೆ ಒರಟಾಗಿ ಆಡ್ತಿದಾನೆ. ಹಾಫ್‌ಟೈಮಲ್ಲಿ ಗುಟ್‌ಮನ್ ಅವನಿಗೆ ಹೇಳ್ದ, ನೀನು ಇಲ್ಲೇ ಕೂತ್ಕೋ, ಆಡಿದ್ದು ಸಾಕು. ಆಗ ಬದಲಿ ಆಟಗಾರ ಅಂತೆಲ್ಲ ಇರ್ಲಿಲ್ಲ, ಅಂದ್ರೆ ಉಳಿದ ಹತ್ತೇ ಜನ ಆಡ್ಬೇಕು. ಪುಶ್ಕಾಶ್ ಎದ್ದು, ಏಯ್ ನೀನು ಬಾರೋ ಅಂತ ಕರ್ಕೊಂಡೇ ಹೋದ. ಪಾತ್ಯಿ ಕೋಚ್ ಮುಖ ನೋಡ್ದ, ಪುಶ್ಕಾಶ್ ಮುಖ ನೋಡ್ದ, ಪಾಪ ಹೋದ. ನಾವಾಗಿದ್ರೆ ಏನ್ಮಾಡ್ತಿದ್ವಿ, ಕೂಗಾಡ್ತಿದ್ವಿ, ಕಮಿಟಿಗೆ ಲೆಟರ್ ಬರೀತಿದ್ವಿ. ಇವನು ಸೀದಾ ಹೋಗಿ ಸ್ಟ್ಯಾಂಡಲ್ಲಿ ಜನರ ಮಧ್ಯೆ ಕೂತು ಕುದುರೆ ರೇಸ್ ಪೇಪರ್ ಬಿಚ್ಚಿ ಓದ್ದ. ಪೂರ್ತಿ ಸೆಕೆಂಡ್ ಹಾಫ್. ಮ್ಯಾಚ್ ಮುಗೀತು, ಪೇಪರ್ ಮಡಚ್ದ, ಟ್ರಾಮ್ ಹತ್ತಿ ಮನೆಗೆ ಹೋದ, ಆ ಕ್ಲಬ್ಬಿಗೆ ಮತ್ತೆ ಕಾಲಿಡ್ಲಿಲ್ಲ.

ಪುಶ್ಕಾಶ್ ಹೆಸರು ನೆನಪಿಟ್ಕೊಳಿ, ವಾಪಸ್ ಬರ್ತಾನೆ.

ಆಮೇಲೆ ಇಟಲಿ, ಅರ್ಜೆಂಟೀನಾ, ಸೈಪ್ರಸ್, ಮತ್ತೆ ಇಟಲಿ, ಇವನ ಸೂಟ್‌ಕೇಸ್ ಯಾವತ್ತೂ ಪೂರ್ತಿ ಬಿಚ್ಚಿದ್ದೇ ಇಲ್ಲ ಅನ್ಸತ್ತೆ. 1955ರಲ್ಲಿ ಮಿಲಾನ್ ತಂಡ ಪಟ್ಟಿಲಿ ಮೇಲಿದೆ, ಆಗ ತೆಗೆದು ಹಾಕಿದ್ರು ಇವನನ್ನ! ಮೇಲಿದ್ದಾಗ! ಅದಾದ ಮೇಲೆ, ತಂಡ ಮೊದಲನೇ ಸ್ಥಾನದಲ್ಲಿ ಇರೋವಾಗ ನನ್ನ ತೆಗೆಯೋ ಹಾಗಿಲ್ಲ ಅಂತ ಕಾಂಟ್ರಾಕ್ಟಲ್ಲೇ ಬರೆಸ್ಕೊಳ್ತಿದ್ದನಂತೆ. ನೋಡಿ, ಮತ್ತೆ ಅದೇ ಕಾಗದ.

1957ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ, ಅಲ್ಲಿ ರಾಜ್ಯ ಚಾಂಪಿಯನ್. ಆಮೇಲೆ ಪೋರ್ಚುಗಲ್‌ನ ಪೋರ್ಟೊ, ಅಲ್ಲಿ 1959ರಲ್ಲಿ ಲೀಗ್ ಗೆದ್ದ. ಅಲ್ಲಿಂದ ಎದುರಾಳಿ ಬೆನ್‌ಫಿಕಾಗೆ ಹೋಗಿ ಅಲ್ಲೂ ಲೀಗ್. ಮೊಜಾಂಬಿಕ್‌ನಲ್ಲಿ ಒಬ್ಬ ಹುಡುಗ ಅದ್ಭುತವಾಗಿ ಆಡ್ತಾನೆ ಅಂತ ಬಾವರ್ ಅನ್ನೋ ಬ್ರೆಜಿಲಿನವನು ಇವನಿಗೆ ಹೇಳಿದ್ದು ಲಿಸ್ಬನ್‌ನ ಒಂದು ಸಲೂನಲ್ಲಿ. ಆ ಹುಡುಗ ಯುಸೇಬಿಯೋ, ಮುಂದೆ ಬೆನ್‌ಫಿಕಾದ ದೊಡ್ಡ ಸ್ಟಾರ್ ಆದವನು. ಯುದ್ಧದಲ್ಲಿ ಇವನ ಜೀವ ಉಳಿಸಿದ್ದೂ ಸಲೂನೇ, ಹೆಸರು ತಂದುಕೊಟ್ಟಿದ್ದೂ ಸಲೂನೇ, ನಾನಂತೂ ಕಟಿಂಗ್‌ಗೆ ಕೂತಾಗೆಲ್ಲ ಕಿವಿ ನೆಟ್ಟಗೆ ಮಾಡ್ಕೊಂಡೇ ಕೂರ್ತೀನಿ, ಇಲ್ಲಿವರೆಗೂ ರಾಜಕೀಯ ಬಿಟ್ಟು ಏನೂ ಸಿಕ್ಕಿಲ್ಲ.

1961, ಬೆರ್ನ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಬೆನ್‌ಫಿಕಾ ಗೆದ್ದಿದ್ದು ಬಾರ್ಸಿಲೋನಾ ಮೇಲೆ 3-2. ಮುಂದಿನ ವರ್ಷ ಆಮ್‌ಸ್ಟರ್‌ಡ್ಯಾಮ್, ಎದುರಿಗೆ ರಿಯಲ್ ಮ್ಯಾಡ್ರಿಡ್, ಬಂದ ನೋಡಿ ಪುಶ್ಕಾಶ್. ಫಸ್ಟ್ ಹಾಫಲ್ಲೇ ಮೂರು ಗೋಲ್ ಹೊಡೆದ! ಬ್ರೇಕಿಗೆ ರಿಯಲ್ 3-2 ಮುಂದೆ. ಈ ಸಲ ಗುಟ್‌ಮನ್ ಪೇಪರ್ ಓದ್ಲಿಲ್ಲ, ಇವನ ಹುಡುಗರು ಇವನ ಮಾತು ಕೇಳಿದ್ರು. ಬೆನ್‌ಫಿಕಾ 5-3, ಕೊನೇ ಎರಡು ಯುಸೇಬಿಯೋದು. ಮುಗಿದ ಮೇಲೆ ಪುಶ್ಕಾಶ್ ತನ್ನ ಜೆರ್ಸಿ ಬಿಚ್ಚಿ ಆ ಹುಡುಗನಿಗೆ ಕೊಟ್ಟ.

ಆಯ್ತಾ, ಎರಡು ಕಪ್ ಗೆದ್ದ ಮೇಲೆ ಹೋಗಿ ಸಂಬಳ ಜಾಸ್ತಿ ಮಾಡಿ ಅಂದ. ಇಲ್ಲ ಅಂದ್ರು. ಹೊರಟ. ಅಷ್ಟೇ ನಡೆದಿದ್ದು! ಹೋಗೋವಾಗ ಇನ್ನು ನೂರು ವರ್ಷ ಗೆಲ್ಲಲ್ಲ ನೀವು ಅಂದ ಅನ್ನೋದು ಕಥೆ. ಸರಿ, ಅಂದ ಅಂತಾನೇ ಇಟ್ಕೊಳೋಣ, ಅಷ್ಟು ದೊಡ್ಡ ಶಾಪ ಹಾಕಿದೋನು 1965ರಲ್ಲಿ ಅದೇ ಬೆನ್‌ಫಿಕಾಗೆ ಕೋಚ್ ಆಗಿ ವಾಪಸ್ ಬರ್ತಾನಾ? ಬಂದ! ಇದನ್ನ ಮಾತ್ರ ಯಾರೂ ಹೇಳಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಸರಿ. "ಮೂರನೇ ಸೀಸನ್" ಅಂತ ಬರ್ಕೊಂಡಿದ್ದೆ, ಕೋಚ್ ಒಂದೇ ಕಡೆ ಮೂರನೇ ವರ್ಷ ಇದ್ರೆ ಕೆಟ್ಟ ಅನ್ನೋದು ಇವನ ನಂಬಿಕೆ, ಬೆನ್‌ಫಿಕಾಲಿ ಎರಡನೇ ಕಪ್ ಬಂದಿದ್ದು ಮಾತ್ರ ಮೂರನೇ ವರ್ಷವೇ, ಹಾಗಾಗಿ ಅದನ್ನ ಬಿಡೋಣ. ಉರುಗ್ವೆ, ಗ್ರೀಸ್ ಅದನ್ನೂ ಬಿಡ್ತೀನಿ. 1981ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ.

ಬೆನ್‌ಫಿಕಾ ಆಮೇಲೆ ಯುರೋಪಿನ ಎಂಟು ಫೈನಲ್ ಸೋತಿದೆ, ಅದು ನಿಜ. 1990ರದ್ದು ವಿಯೆನ್ನಾದಲ್ಲೇ ಇತ್ತು. ಮ್ಯಾಚಿಗೆ ಮುಂಚೆ ಯುಸೇಬಿಯೋ ಗುಟ್‌ಮನ್ ಸಮಾಧಿ ಹತ್ರ ಹೋಗಿ ಪ್ರಾರ್ಥನೆ ಮಾಡ್ದ, ಆದ್ರೂ ಮಿಲಾನ್ 1-0. 2014ರಲ್ಲಿ ಸ್ಟೇಡಿಯಂ ಹತ್ರ ಎರಡು ಕಪ್ ಹಿಡಿದಿರೋ ಇವನ ಪ್ರತಿಮೆ ಇಟ್ರು, ಅದೇ ವರ್ಷ ಮೇನಲ್ಲಿ ಸೆವಿಯ್ಯಾ ಮೇಲೆ ಪೆನಾಲ್ಟಿಲಿ ಸೋತ್ರು. ಪ್ರಾರ್ಥನೆ ಮಾಡಿದ್ರು, ಪ್ರತಿಮೆ ಇಟ್ರು, ಆ 1962ರ ಇಂಕ್ರಿಮೆಂಟ್ ಕೊಡೋ ಯೋಚನೆ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ. ತಗೊಳಿ ಮೈಕು.