ಒಂದು ಸ್ವರ, ಹದಿನಾರು ಎಣಿಕೆ

ಶ್ರೋತೃಗಳಿಗೆ ನಮಸ್ಕಾರ. ಬೇಸಿಗೆ ರಜೆಯಲ್ಲಿ ನಾವು ಕೆಲವರು ಸೇರಿ ಮೈಸೂರಿನಲ್ಲಿ ಮಕ್ಕಳಿಗಾಗಿ ನಡೆಸುವ ಬ್ಯಾಂಡ್ ಶಿಬಿರದ ಒಂದು ದಿನ ಹೇಗಿರುತ್ತದೆ ಎಂಬುದನ್ನು ಹೇಳಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆ. ಮಕ್ಕಳನ್ನು ಇಂಥ ಶಿಬಿರಕ್ಕೆ ಸೇರಿಸಿ, ಮೂರನೆಯ ದಿನವೇ ಗೇಟಿನ ಬಳಿ ನಿಂತು "ಯಾವ ಹಾಡು ಕಲಿಸಿದಿರಿ?" ಎಂದು ವಿಚಾರಿಸುವ ತಂದೆತಾಯಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಮಾತನಾಡುತ್ತೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಡು ಕಲಿಸಿಲ್ಲ, ಒಂದು ಸ್ವರವನ್ನು ಅಲುಗದಂತೆ ಹಿಡಿದು ನಿಲ್ಲಿಸುವುದನ್ನು ಕಲಿಸುತ್ತಿದ್ದೇವೆ.

ಬೆಳಿಗ್ಗೆ ಏಳು ಗಂಟೆಗೆ ಮಕ್ಕಳು ಬಂದಾಗ ವಾದ್ಯಗಳು ಇನ್ನೂ ಪೆಟ್ಟಿಗೆಯಲ್ಲೇ ಇರುತ್ತವೆ. ಮೊದಲ ಅರ್ಧ ಗಂಟೆ ಉಸಿರಿನದು. ಹೊಟ್ಟೆಯ ಮೇಲೆ ಕೈಯಿಟ್ಟು, ನಾಲ್ಕು ಎಣಿಸುವಷ್ಟರಲ್ಲಿ ಉಸಿರು ತುಂಬಿಕೊಂಡು, ಹದಿನಾರು ಎಣಿಸುವವರೆಗೆ 'ಸ್' ಎಂದು ಸಮನಾಗಿ ಬಿಡಬೇಕು. ಆಮೇಲೆ ಟ್ರಂಪೆಟ್, ಟ್ರೊಂಬೋನ್, ಯುಫೋನಿಯಂ ಮಕ್ಕಳ ಕೈಗೆ ಬರಿಯ ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಬಿಡಿ ತುಂಡು, ಕೊಡುತ್ತೇವೆ. ಹಿತ್ತಾಳೆಯ ವಾದ್ಯವು ಗಾಳಿ ಊದಿದ ಮಾತ್ರಕ್ಕೆ ನುಡಿಯುವುದಿಲ್ಲ, ಬಿಗಿದ ತುಟಿ ನಡುಗಿದಾಗ ಮಾತ್ರ ನುಡಿಯುತ್ತದೆ. ಹೀಗೆ ಒಂದಿಪ್ಪತ್ತು ಮಕ್ಕಳು ತುಟಿ ನಡುಗಿಸತೊಡಗಿದರೆ ಹಲಸಿನ ಹಣ್ಣಿಗೆ ನೊಣ ಮುತ್ತಿದ ಸದ್ದಾಗುತ್ತದೆ. ಹಾದುಹೋಗುವವರು ಒಮ್ಮೆ ಇಣುಕಿ ನೋಡದೆ ಮುಂದೆ ಹೋಗುವುದಿಲ್ಲ.

ಎಂಟಕ್ಕೆ ವಾದ್ಯಗಳು ಹೊರಗೆ ಬರುತ್ತವೆ. ಒಬ್ಬರು ಹಾರ್ಮೋನಿಯಂನ ಆರೂವರೆ ಮನೆಯನ್ನು, ಅಂದರೆ ಪಾಶ್ಚಾತ್ಯರು ಬಿ ಫ್ಲಾಟ್ ಎನ್ನುವ ಸ್ವರವನ್ನು, ಒತ್ತಿ ಹಿಡಿಯುತ್ತಾರೆ, ಏಕೆಂದರೆ ಟ್ರಂಪೆಟ್ಟಿನ ಮೂರು ವಾಲ್ವುಗಳಲ್ಲಿ ಯಾವುದನ್ನೂ ಒತ್ತದೆ ಊದಿದರೆ ಸಹಜವಾಗಿ ಸಿಗುವ ಸ್ವರಗಳಲ್ಲಿ ಅದೂ ಒಂದು. ಆ ಒಂದೇ ಸ್ವರವನ್ನು ಎಲ್ಲರೂ ಹದಿನಾರು ಎಣಿಕೆಯವರೆಗೆ ಹಿಡಿಯಬೇಕು. ಮತ್ತೆ ಉಸಿರು, ಮತ್ತೆ ಅದೇ ಸ್ವರ.

ಇಲ್ಲಿ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಬಂದಿದ್ದ ಅವನಿಗೆ ಹನ್ನೆರಡು ವರ್ಷ, ಕೈಯಲ್ಲಿ ಅವನಿಗಿಂತ ಹಳೆಯದಾದ ಒಂದು ಟ್ರಂಪೆಟ್. "ಸರ್, ಕೀಬೋರ್ಡ್ ಕ್ಲಾಸಿನವರು ಆಗಲೇ ಸಿನಿಮಾ ಹಾಡು ನುಡಿಸುತ್ತಿದ್ದಾರೆ, ನಾವು ಮಾತ್ರ ಪೋಂ ಎನ್ನುತ್ತಿದ್ದೇವೆ" ಎಂದು ದಿನಕ್ಕೆರಡು ಸಲ ಗೊಣಗುತ್ತಿದ್ದ. ಆರನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತಿತು, ತಗಡಿನ ಮಾಡಿನ ಕೆಳಗೆ ಕಾವೇರಿತು. ನಾನು ಮತ್ತೆ ಆ ಸ್ವರವನ್ನು ಹಿಡಿಯಿರಿ ಎಂದೆ. ಎಲ್ಲರೂ ಹಿಡಿದರು. ಇವನು ಐದಾರು ಎಣಿಕೆಗೆ ಊದುವುದನ್ನು ನಿಲ್ಲಿಸಿ, ಹಾರ್ಮೋನಿಯಂ ಬಳಿಗೆ ಬಂದು ನಿಂತು, ಒಬ್ಬನೇ ಮತ್ತೊಮ್ಮೆ ಊದಿ, "ಸರ್, ಒಳಗೇನೋ ಉಯ್ಯಾಲೆ ಆಡುತ್ತಿದೆ" ಎಂದ. ನಿಜವಾಗಿಯೂ ಆಡುತ್ತಿತ್ತು. ಎರಡು ಧ್ವನಿಗಳು ಕೂದಲೆಳೆಯಷ್ಟು ಬೇರೆಯಾದಾಗ ಅವು ಒಂದನ್ನೊಂದು ಕೂಡಿ, ಕಳೆದು, ವ್ವಾ ವ್ವಾ ಎಂದು ಅಲೆಯೇಳಿಸುತ್ತವೆ. ಬಿಸಿಗಾಳಿಯಲ್ಲಿ ಧ್ವನಿ ವೇಗವಾಗಿ ಸಾಗುವುದರಿಂದ ಕಾವೇರಿದ ಟ್ರಂಪೆಟ್ಟಿನ ಶ್ರುತಿ ಮೇಲಕ್ಕೆ ಸರಿದಿತ್ತು, ಹಾರ್ಮೋನಿಯಂ ಮಾತ್ರ ಏರದೆ ಅಲ್ಲೇ ಉಳಿದಿತ್ತು. ನಾನು ಏನೂ ಹೇಳಲಿಲ್ಲ. ಅವನೇ ಟ್ಯೂನಿಂಗ್ ಸ್ಲೈಡನ್ನು, ಅಂದರೆ ಕೊಳವೆಯ ಜಾರುವ ಭಾಗವನ್ನು, ಸ್ವಲ್ಪ ಹೊರಗೆಳೆದ. ಉಯ್ಯಾಲೆ ನಿಧಾನವಾಯಿತು. ಇನ್ನೊಂದು ಜೋಳದ ಕಾಳಿನಷ್ಟು ಎಳೆದ, ನಿಂತಿತು. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆಯನ್ನು ಅಷ್ಟೇ ಅಷ್ಟು ಉದ್ದ ಮಾಡಿದರೆ ಶ್ರುತಿ ಇಳಿಯುತ್ತದೆಂದು ಪುಸ್ತಕದಲ್ಲಿ ಓದಬಹುದು. ಅವನು ಕಿವಿಯಿಂದ ಓದಿದ. ಆರು ದಿನ ಹಾಡನ್ನೇ ಕಲಿಸಿದ್ದರೆ, ಓಡುವ ಸ್ವರಗಳ ಗದ್ದಲದಲ್ಲಿ ಆ ಅಲೆ ಅವನಿಗೆ ಎಂದೂ ಕೇಳಿಸುತ್ತಿರಲಿಲ್ಲ.

ಕದ್ರಿ ಗೋಪಾಲನಾಥರು ಬಾಲ್ಯದಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದದ್ದು ಇದೇ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಅವರಿಗೂ ಆ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. ಮೂರನೆಯ ದಿನಕ್ಕೇ ಹಾಡು ಬೇಕೆನ್ನುವವರು ಈ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು.

ಸಮಯವಾಯಿತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿರುವುದರಿಂದ ಮಧ್ಯಾಹ್ನವನ್ನು ಬೇಗ ಮುಗಿಸುತ್ತೇನೆ. ಊಟವಾದ ಮೇಲೆ ಗಂಟೆ ಹೊತ್ತು ಊದುವವರ ತುಟಿಗೆ ವಿಶ್ರಾಂತಿ, ಆಗ ತಾಳವಾದ್ಯದವರ ಸರದಿ. ಎರಡನೆಯ ವಾರದಲ್ಲಿ ಹಾಡೂ ಬರುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡುಗಳ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಲ್ಲಿ 'ಶಕ್ತಿಸಹಿತ ಗಣಪತಿಂ' ನಮ್ಮ ಮೊದಲ ಪಾಠ. ಶಂಕರಾಭರಣ ರಾಗದ ನೇರ ಸ್ವರಗಳು, ಸ್ವರವನ್ನು ಬಳುಕಿಸುವ ಗಮಕದ ಕಾಟವಿಲ್ಲ, ಮಕ್ಕಳ ಬ್ಯಾಂಡಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿಯೂ ಪ್ರತಿ ಸಾಲಿನ ಕೊನೆಯ ಸ್ವರವನ್ನು ಪೂರ್ತಿ ಹಿಡಿಯಿರಿ ಎಂದು ನಾನು ಕೂಗುತ್ತಲೇ ಇರುತ್ತೇನೆ.

ಸಂಜೆ ಐದಕ್ಕೆ ಮೈದಾನದಲ್ಲಿ ಸಾಲಾಗಿ ನಡೆದ ಬಳಿಕ ಮಕ್ಕಳು ವಾದ್ಯದ ಕೀಲಿ ಒತ್ತಿ ಒಳಗಿನ ನೀರನ್ನು ನೆಲಕ್ಕೆ ಬಿಡುತ್ತಾರೆ. ಅದು ಬಹುಪಾಲು ಉಸಿರಿನ ಆವಿ ತಣಿದು ನಿಂತ ನೀರು. ಒಬ್ಬ ತಾಯಿ ಅದನ್ನು ಕಂಡು "ಎಂಜಲಲ್ಲವೇ?" ಎಂದು ಸೆರಗನ್ನು ಮೂಗಿಗೆ ಹಿಡಿದರು. ಅಲ್ಲವೆಂದು ಅವರ ಮಗಳೇ ವಿವರಿಸಿ, ಮನೆಗೆ ಹೋದ ಮೇಲೆ ಅಕ್ಕಪಕ್ಕದವರು ಬೈದರೂ ದಿನಕ್ಕೆ ಹತ್ತು ನಿಮಿಷ ಆ ಒಂದೇ ಸ್ವರವನ್ನು ಊದಬೇಕಂತೆ ಎಂದು ಸೇರಿಸಿದಳು. ನಮಸ್ಕಾರ.