100 ರೊಟ್ಟಿಯಲ್ಲಿ 18 ಮುರುಕು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟಿದ್ದೇನೆ, ಸದ್ಯಕ್ಕೆ ಯಾರೂ ಮುಟ್ಟಬೇಡಿ. ಒಳಗೆ 20 ಕಟಕ್ ರೊಟ್ಟಿ ಇವೆ. ಬೆಳಿಗ್ಗೆ ಹುಬ್ಬಳ್ಳಿಯಿಂದ ಗದಗಕ್ಕೆ ಬಸ್ಸಿನಲ್ಲಿ ನನ್ನ ಜೊತೆ ಬಂದವು. ಸೀಟು ಸಿಗಲಿಲ್ಲ. ಅಣ್ಣಿಗೇರಿ ತನಕ ಡಬ್ಬಿ ಎಲ್ಲರ ಕಾಲಿನ ಒದೆ ತಿನ್ನುತ್ತಾ ಬಂತು. ಕೊನೆಗೆ ಬಿಚ್ಚಿ ನೋಡೋಣ.

ವ್ಯಾಪಾರ ಬೆಳೆಸಲು ಎಲ್ಲೆಲ್ಲಿ ಸಹಾಯ ಸಿಗುತ್ತದೆ, ಅದನ್ನು ಹೇಳಿ ಅಂತ ನನ್ನನ್ನು ಕರೆಸಿದ್ದಾರೆ. ನಾನು ಅಧಿಕಾರಿ ಅಲ್ಲ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವವಳು. ಹಾಗಾಗಿ ಜಾಸ್ತಿ ಮಾತು ನಾನು ಮೆಟ್ಟಿಲು ಹತ್ತಿದ ಕಡೆಗಳದ್ದೇ.

ಮೊದಲ ಮೆಟ್ಟಿಲು ಬ್ಯಾಂಕಿನದು. ಬೆಂಗಳೂರಿನ ಒಂದು ಅಂಗಡಿಗೆ ಮಾಲು ಕಳಿಸುತ್ತಿದ್ದೆ. ಬೇಡಿಕೆ ಇತ್ತು, ದುಡ್ಡು ಮಾತ್ರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ರೊಟ್ಟಿ ಮಾಡುವ ಯಂತ್ರ ತಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು 6 ಲಕ್ಷ ಸಾಲ ಕೇಳಲು ಹೋದೆ.

"ಯಂತ್ರ ಯಾಕ ಬೇಕ್ರಿ ಅಕ್ಕಾರ?" ಅಂದರು ಸಾಹೇಬರು.

"ಜಾಸ್ತಿ ರೊಟ್ಟಿ ಮಾಡಾಕ್ರಿ ಸಾಹೇಬ್ರ."

"ಈಗ ಮಾಡಿದ್ದರಾಗ ವಾಪಸ್ ಎಷ್ಟು ಬರ್ತಾವ?"

ನನಗೆ ಗೊತ್ತಿರಲಿಲ್ಲ. ಒಂದು ತಿಂಗಳು ಬರೆದುಕೊಂಡು ಬರ್ರಿ ಅಂದರು. ಸಿಟ್ಟು ಬಂತು, ಸಾಲ ಕೊಡದೇ ಇರೋಕೆ ಇದೊಂದು ನೆಪ ಅಂದುಕೊಂಡೆ. ಆದರೂ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದೆ. ಆ ತಿಂಗಳು ಕಳಿಸಿದ್ದು 4,000 ರೊಟ್ಟಿ. ಮುರಿದವು ಅಂತ ಅಂಗಡಿಯವರು ಹಣ ಹಿಡಿದಿದ್ದು 720ಕ್ಕೆ. ನೂರಕ್ಕೆ 18. ಒಂದಕ್ಕೆ 6 ರೂಪಾಯಿ ಹಿಡಿದರೂ 4,320 ರೂಪಾಯಿ ದಾರಿಯಲ್ಲೇ ಪುಡಿಯಾಗಿತ್ತು. ಯಂತ್ರ ತಂದಿದ್ದರೆ ಇನ್ನೂ ಬೇಗ ಬೇಗ ಮುರುಕು ರೊಟ್ಟಿ ಕಳಿಸುತ್ತಿದ್ದೆ, ಅಷ್ಟೇ.

ಮುಂದೆ ನಾನು ಯಾರ ಹತ್ತಿರ ಹೋದರೂ ಈ ನೋಟ್‌ಬುಕ್ ಹಿಡಿದೇ ಹೋಗಿದ್ದು. "ಏನಾದರೂ ಸಹಾಯ ಮಾಡ್ರಿ" ಅಂದರೆ ಯಾರಿಗೂ ಏನು ಮಾಡಬೇಕೋ ತಿಳಿಯುವುದಿಲ್ಲ. "ನೂರಕ್ಕೆ 18 ಮುರಿಯುತ್ತಿವೆ, ಯಾಕೆ?" ಅಂತ ಕೇಳಿದರೆ ಎದುರಿಗಿದ್ದವರು ಕುರ್ಚಿ ಎಳೆದು ಕೂರುತ್ತಾರೆ.

ಮೊದಲ ಉತ್ತರ ಸಿಕ್ಕಿದ್ದು ನಮ್ಮ ಓಣಿಯ ಅಜ್ಜಿಯಿಂದ. ಹಿಟ್ಟು ಮುಟ್ಟಿ ನೋಡಿ, "ಇದಕ್ಕ ಜಿಗಿ ಎಲ್ಲೈತೆ? ಬೀಸಿ ಎಷ್ಟು ದಿನ ಆತು?" ಅಂದರು. ನಾನು ಗಿರಣಿಗೆ ವಾರಗಟ್ಟಲೆ ಹೋಗದೇ ಒಮ್ಮೆಲೇ ಬೀಸಿಸಿಡುತ್ತಿದ್ದೆ. ಹಳೇ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ, ಒಣಗಿದ ಮೇಲೆ ಆ ಸೀಳಿನಿಂದಲೇ ಮುರಿಯುತ್ತದೆ. ಎರಡನೇ ಉತ್ತರ ನಿಮ್ಮ ಊರಿನದು. ಗದಗ ಮುದ್ರಣಕ್ಕೆ ಹೆಸರಾದ ಊರು, ಅಲ್ವಾ? ಇಲ್ಲಿನ ಒಂದು ಪ್ರೆಸ್ಸಿನ ಕಾಕಾ ಡಬ್ಬಿಯ ಅಳತೆ ಕೇಳಿದರು. ರೊಟ್ಟಿ ಒಂದೊಂದು ಒಂದೊಂದು ಅಳತೆ ಅಂದೆ. "ಹಂಗಾರ ಡಬ್ಬಿ ಬ್ಯಾಡವಾ, ಮೊದಲು ರೊಟ್ಟಿ ಒಂದ ಅಳತೀಗೆ ತಾ" ಅಂದರು. ಡಬ್ಬಿಯೊಳಗೆ ಅಲುಗಾಡಲು ಜಾಗ ಇರಬಾರದು, ಗುಟ್ಟು ಇಷ್ಟೇ. ಈಗ ನಮ್ಮಲ್ಲಿ ರೊಟ್ಟಿ ಬಡಿಯುವವರ ಎದುರು ಒಂದು ಸ್ಟೀಲ್ ತಟ್ಟೆ ಇರುತ್ತದೆ, ಅದೇ ಅಳತೆ.

ಆದರೆ ಡಬ್ಬಿ ಒಂದೇ ಸಲ 5,000 ಮಾಡಿಸಬೇಕಿತ್ತು. ನನಗೆ ಅಷ್ಟು ಬೇಡ. ನಮ್ಮಂತೆಯೇ ರೊಟ್ಟಿ ಮಾರುವ ಮೂವರು ಹೆಣ್ಣುಮಕ್ಕಳನ್ನು ಹುಡುಕಿ, ನಾಲ್ವರೂ ಸೇರಿ ಹೆಸರಿಲ್ಲದ ಡಬ್ಬಿ ಮಾಡಿಸಿದೆವು. ಲೇಬಲ್ ಅವರವರದು. "ಅವರು ನಿನ್ನ ಗಿರಾಕಿ ಹಿಡಿಯಾಕ ಕುಂತವರು" ಅಂತ ಮನೆಯಲ್ಲಿ ಬೈದರು. ಇಲ್ಲಿಂದ ಹತ್ತಿರದಲ್ಲೇ ಕಣಗಿನಹಾಳ ಇದೆ. ಅಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಹೇಳುತ್ತಾರೆ. ನಿಮ್ಮ ಮುಂದೆ ಕೂಡಿ ಮಾಡುವುದರ ಬಗ್ಗೆ ನಾನೇನು ಹೇಳಲಿ!

ಚಟ್ನಿಯ ಕಥೆ ಬೇರೆ. 20 ದಿನಕ್ಕೆ ಕಮಟು ವಾಸನೆ ಬರುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಕೃಷಿ ಮೇಳದಲ್ಲಿ ಹೋದೆ. ಆ ಜಾತ್ರೆಯಲ್ಲಿ ಯಾರ ಹತ್ತಿರವೂ ಎರಡು ಮಾತಾಡಲು ಆಗಲಿಲ್ಲ. ಮತ್ತೆ ಒಂದು ಮಂಗಳವಾರ ಸುಮ್ನೆ ಹೋದೆ. ಆಹಾರ ವಿಜ್ಞಾನದ ಮೇಡಂ ಒಬ್ಬರು ಅರ್ಧ ಗಂಟೆ ಕೂತು ಹೇಳಿದರು. ಶೇಂಗಾದ ಎಣ್ಣೆಗೆ ಗಾಳಿ, ಬೆಳಕು ಎರಡೂ ಆಗಿಬರುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಬಿಡಿ, ಬೆಳ್ಳಿ ಬಣ್ಣದ ಒಳಪದರ ಇರುವ ಪೌಚ್ ತಗೊಳ್ಳಿ. ಹುರಿದದ್ದು ಪೂರ್ತಿ ಆರಿದ ಮೇಲೆ ಕುಟ್ಟಿ, ಬಿಸಿ ಇರುವಾಗ ತುಂಬಬೇಡಿ. ಖರ್ಚು? ಬಸ್ ಚಾರ್ಜು.

ಇನ್ನು ಸರ್ಕಾರಿ ಕಚೇರಿಗಳು. ಜಿಲ್ಲಾ ಕೈಗಾರಿಕಾ ಕೇಂದ್ರ ಪ್ರತಿ ಜಿಲ್ಲೆಗೂ ಇದೆ. ಸ್ವಯಂ ಉದ್ಯೋಗ ತರಬೇತಿ ಬೇಕಾದವರಿಗೆ ಧಾರವಾಡದಲ್ಲಿ ರುಡ್‌ಸೆಟಿ ಇದೆ, ಊಟ ವಸತಿ ಸಮೇತ ಉಚಿತ. ಉದ್ಯಮ ಶುರುಮಾಡುವವರಿಗೆ ತರಬೇತಿ ಕೊಡುವ ರಾಜ್ಯದ ಸಂಸ್ಥೆ ಸಿಡಾಕ್ ಕೂಡ ಧಾರವಾಡದಲ್ಲೇ ಇದೆ. ಸ್ಟಾರ್ಟಪ್ ಹುಡುಗರು ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಕಡೆ ಹೋಗುತ್ತಾರೆ, ಅದು ನನ್ನ ದಾರಿ ಅಲ್ಲ.

ಸಬ್ಸಿಡಿ ಬಗ್ಗೆ ಮಾತ್ರ ನಿಂತು ಹೇಳುತ್ತೇನೆ, ಯಾಕಂದರೆ ಜನ ಎಡವುವುದೇ ಅಲ್ಲಿ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಗಳಿಗೆ ಯೋಜನಾ ವೆಚ್ಚದ 35 ಪರ್ಸೆಂಟ್ ಸಬ್ಸಿಡಿ. ಕೈಯಿಂದ ಹಾಕಬೇಕಾದ್ದು 5 ಪರ್ಸೆಂಟ್. ಕೇಳಿದ ಕೂಡಲೇ ಎಲ್ಲರ ಕಣ್ಣು ಅರಳುತ್ತದೆ. ಆದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ 3 ವರ್ಷ ಕೂತಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ನಿಮ್ಮಿಂದ ಬಡ್ಡಿ ಹಿಡಿಯುವುದೂ ಇಲ್ಲ. ಉದ್ಯಮ ನಡೆಯುತ್ತಿದೆ ಅಂತ ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅದೂ ಹೊಸ ಉದ್ಯಮಕ್ಕೆ. ನನ್ನದು ಆಗಲೇ ನಡೆಯುತ್ತಿತ್ತು, ಹಾಗಾಗಿ ನನಗೆ ಅದು ಇಲ್ಲ. ಯೋಜನೆಗಳ ಮೊತ್ತ, ಅವಧಿ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರವೇ ಇನ್ನೊಮ್ಮೆ ಕೇಳಿಕೊಳ್ಳಿ.

ನಾನು ಕೊನೆಗೆ ತಗೊಂಡಿದ್ದು ಮುದ್ರಾ ಶಿಶು ಸಾಲ, 50,000 ರೂಪಾಯಿ. ಅಡಮಾನ ಇಲ್ಲ. ಪೌಚ್ ಸೀಲ್ ಮಾಡುವ ಯಂತ್ರಕ್ಕೆ, ಡಬ್ಬಿಗೆ ಸಾಕಾಯಿತು. 6 ಲಕ್ಷ ಕೇಳಲು ಹೋದವಳು!

ನಾನು ಹಳ್ಳಕ್ಕೆ ಬಿದ್ದದ್ದೂ ಹೇಳಬೇಕಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ 2,000 ರೂಪಾಯಿ ತಗೊಂಡ. ಸರ್ಕಾರಿ ಜಾಲತಾಣದಲ್ಲಿ ಅದಕ್ಕೆ ಒಂದು ರೂಪಾಯಿಯೂ ಶುಲ್ಕ ಇಲ್ಲ. ಆಧಾರ್, ಪಾನ್ ಇದ್ದರೆ ಮಗಳು ಮೊಬೈಲಿನಲ್ಲೇ ಮಾಡುತ್ತಿದ್ದಳು.

ಆ 2,000 ಮಾತ್ರ ಬೇರೆ ದಾರಿಯಲ್ಲಿ ವಸೂಲಾಯಿತು. ಒಂದು ಅಂಗಡಿಯವರು ಐದು ತಿಂಗಳು ಹಣ ಕೊಡದೇ ಸತಾಯಿಸಿದರು. ಹುಬ್ಬಳ್ಳಿಯ ಹಿರಿಯ ವ್ಯಾಪಾರಿಯೊಬ್ಬರು ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ವಿಷಯ ಹೇಳಿದರು. ಸಣ್ಣ ತಯಾರಕರ ಮಾಲು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಜಾಲತಾಣದಲ್ಲಿ ದೂರು ಕೊಡಬಹುದು. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಇದ್ದರೆ ತಕರಾರು ಬರುವುದಿಲ್ಲ. ಕೊಂಡು ಮಾರುವ ವ್ಯಾಪಾರಸ್ಥರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ನಾನು ದೂರು ಕೊಡಲಿಲ್ಲ, ಇಷ್ಟನ್ನೇ ಬರೆದು ಒಂದು ಪತ್ರ ಕಳಿಸಿದೆ. ಒಂಬತ್ತನೇ ದಿನ ಅಸಲು ಬಂತು. ಬಡ್ಡಿ ಬರಲಿಲ್ಲ. ಆ ಅಂಗಡಿ ಆಮೇಲೆ ನನ್ನ ಮಾಲೂ ತಗೊಳ್ಳಲಿಲ್ಲ. ಇದನ್ನೂ ತಿಳಿದೇ ಪತ್ರ ಬರೆಯಿರಿ.

ಸರಿ, ಡಬ್ಬಿ ಬಿಚ್ಚೋಣ. ತಂಗಿ, ನೀನೇ ಬಾ, ಎಣಿಸು. ಹದಿನೆಂಟು, ಹತ್ತೊಂಬತ್ತು... ಒಂದು ಮುರಿದಿದೆ. ನಡುವೆ ಅಲ್ಲ, ಅಂಚಿನಲ್ಲಿ. ಹಾಗಾದರೆ ಬಸ್ಸಿನ ತಪ್ಪಲ್ಲ, ಹಿಟ್ಟಿನದು. ಸಂಜೆ ಹೋಗಿ ಗಿರಣಿಯ ತಾರೀಖು ನೋಡುತ್ತೇನೆ. ಚಟ್ನಿಯೂ ತಂದಿದ್ದೇನೆ, ತಿನ್ನುತ್ತಾ ಪ್ರಶ್ನೆ ಕೇಳಿ.